ಕಡಿಮೆ ಖರ್ಚಿನಲ್ಲಿ ಮನೆಯ ಬೆಲೆ ಹೆಚ್ಚಿಸುವುದು ಹೇಗೆ? ಮೊದಲು ಸೋರಿಕೆ, ಆಮೇಲೆ ಬಣ್ಣ

ಮನೆ ಕೊಳ್ಳಲು ಬಂದವರ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಒಮ್ಮೆ ಗಮನಿಸಿ. ಹೊಸ ಸೋಫಾವನ್ನು ಅವರು ನೋಡುವುದೇ ಇಲ್ಲ. ಸೀಲಿಂಗಿನ ಮೂಲೆಯ ಕಂದು ಕಲೆ ಕಾಣುತ್ತದೆ. ಬಾಗಿಲು ತೆಗೆದಾಗಿನ ಕಿರ್ ಸದ್ದು ಕೇಳಿಸುತ್ತದೆ. ಸಿಂಕ್ ಕೆಳಗಿನ ಕಪಾಟು ತೆಗೆದರೆ ಮುಗ್ಗಲು ವಾಸನೆ ಮೂಗಿಗೆ ಬಡಿಯುತ್ತದೆ. ಒಂದೊಂದು ಹುಳುಕು ಕಂಡಾಗಲೂ ಅವರ ಮನಸ್ಸಿನಲ್ಲಿ ಬೆಲೆ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗುತ್ತದೆ. ಇಳಿಯುವುದು ರಿಪೇರಿಗೆ ಬೇಕಾದಷ್ಟೇ ಅಲ್ಲ, ಅದಕ್ಕಿಂತ ಜಾಸ್ತಿ. ಕಾಣುವುದೇ ಇಷ್ಟಿದ್ದರೆ ಕಾಣದೇ ಇರುವುದು ಎಷ್ಟಿರಬಹುದು ಅನ್ನುವ ಅನುಮಾನವನ್ನೂ ಅವರು ಲೆಕ್ಕಕ್ಕೆ ಸೇರಿಸಿಕೊಳ್ಳುತ್ತಾರೆ.

ಮನೆಯ ಬೆಲೆಯಲ್ಲಿ ದೊಡ್ಡ ಪಾಲು ನಮ್ಮ ಕೈಯಲ್ಲಿಲ್ಲ. ಬೆಲೆ ಕಟ್ಟುವವರು ಮನೆ ಇರುವ ಜಾಗ ನೋಡುತ್ತಾರೆ. ಅಳತೆ, ವಯಸ್ಸು, ಸ್ಥಿತಿ ನೋಡುತ್ತಾರೆ. ಅಕ್ಕಪಕ್ಕದ ಅಂಥದ್ದೇ ಮನೆಗಳು ಇತ್ತೀಚೆಗೆ ಎಷ್ಟಕ್ಕೆ ಹೋದವು ಅಂತ ವಿಚಾರಿಸುತ್ತಾರೆ. ಇಷ್ಟರಲ್ಲಿ ನಾವು ಬದಲಾಯಿಸಬಹುದಾದದ್ದು ಸ್ಥಿತಿಯೊಂದೇ. ಹಾಗಾಗಿ ಅಗ್ಗದಲ್ಲಿ ಮನೆ ಸುಧಾರಿಸಬೇಕು ಅನ್ನುವವರು ಹೊಸದು ಏನು ಹಾಕಿಸಲಿ ಅಂತ ಕೇಳಿಕೊಳ್ಳುವ ಮೊದಲು, ಬೆಲೆ ಎಲ್ಲೆಲ್ಲಿ ಸೋರುತ್ತಿದೆ ಅಂತ ಹುಡುಕಬೇಕು. ಮಾರುವ ಯೋಚನೆ ಇಲ್ಲದಿದ್ದರೂ ಸರಿ, ಇದೇ ಕ್ರಮದಲ್ಲಿ ಕೆಲಸ ಮಾಡಿ. ಆ ಮನೆಯಲ್ಲಿ ದಿನಾ ಇರುವವರು ನೀವೇ ಅಲ್ವಾ?

ಒಂದು ಸುತ್ತು, ಒಂದು ಪಟ್ಟಿ

ಕಾಗದ, ಪೆನ್ನು ಹಿಡಿದು ಮನೆಯ ಹೊರಗೆ ಹೋಗಿ ನಿಲ್ಲಿ. ಬೇರೆಯವರ ಮನೆಗೆ ಮೊದಲ ಸಲ ಬಂದವರ ಹಾಗೆ ಒಳಗೆ ಬನ್ನಿ. ಪ್ರತಿ ಬಾಗಿಲು ತೆರೆದು ಮುಚ್ಚಿ. ಪ್ರತಿ ಸ್ವಿಚ್ ಒತ್ತಿ. ಪ್ರತಿ ನಲ್ಲಿ ತಿರುಗಿಸಿ, ಎಲ್ಲ ಕಪಾಟಿನೊಳಗೂ ಇಣುಕಿ. ಸಿಕ್ಕಿದ್ದೆಲ್ಲ ಬರೆದುಕೊಳ್ಳಿ. ನಾವು ವರ್ಷಗಟ್ಟಲೆ ಇದ್ದ ಮನೆಯ ತೊಂದರೆ ನಮಗೆ ಕಾಣುವುದು ನಿಂತುಹೋಗಿರುತ್ತದೆ. ಒಂದು ಕೋಣೆಯ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು ಅನ್ನುವುದು ಕೈಗೆ ರೂಢಿಯಾಗಿ, ಮನಸ್ಸಿಗೆ ಮರೆತಿರುತ್ತದೆ. ಆದ್ದರಿಂದ ಮುಲಾಜಿಲ್ಲದೆ ಮಾತಾಡುವ ಸ್ನೇಹಿತರೊಬ್ಬರನ್ನು ಕರೆದು ಇದೇ ಸುತ್ತು ಹಾಕಿಸಿ. ನಡುವೆ ನೀವು ಬಾಯಿ ಹಾಕಬೇಡಿ.

ಪಟ್ಟಿ ಮುಗಿದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲೂ ಒಂದು ಗುರುತು ಮಾಡಿ. ನೀರಿಗೆ ಸಂಬಂಧಿಸಿದ್ದು, ಅಪಾಯಕ್ಕೆ ಸಂಬಂಧಿಸಿದ್ದು, ಮುರಿದದ್ದು, ಕೊಳೆಯಾದದ್ದು, ಬರೀ ಹಳೆಯದಾಗಿ ಕಾಣುವುದು. ಕೆಲಸ ಮಾಡಬೇಕಾದ ಕ್ರಮವೂ ಇದೇ. ಕೈಯಲ್ಲಿರುವ ದುಡ್ಡು ಮೂರನೆಯ ಗುಂಪಿಗೇ ಮುಗಿದುಹೋದರೆ ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕನೆಯದಕ್ಕೆ ದುಡ್ಡಿಗಿಂತ ಮೈಮುರಿದು ದುಡಿಯುವುದೇ ಬೇಕು.

ಮೊದಲು ನೀರಿನ ಕಥೆ ಮುಗಿಸಿ

ತೇವ ಇರುವ ಗೋಡೆಗೆ ಬಣ್ಣ ಬಳಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು, ಸಿಪ್ಪೆ ಬಿಟ್ಟು, ಒಳಗಿಂದ ಬಿಳಿ ಉಪ್ಪಿನ ಪುಡಿ ಉದುರಲು ಶುರುವಾಗುತ್ತದೆ. ಗೋಡೆಯೊಳಗೆ ಸೇರಿದ ನೀರು ಆರುತ್ತಾ ಹೊರಗೆ ಬರುವಾಗ ಇಟ್ಟಿಗೆ, ಸಿಮೆಂಟಿನಲ್ಲಿರುವ ಲವಣಗಳನ್ನೂ ಜೊತೆಗೆ ತರುತ್ತದೆ. ಆ ಪುಡಿ ಕಂಡರೆ ನೀರು ಎಲ್ಲಿಂದಲೋ ಒಳಗೆ ಬರುತ್ತಿದೆ ಅಂತಲೇ ಅರ್ಥ.

ಅದು ಎಲ್ಲಿಂದ ಬರುತ್ತಿದೆ ಅಂತ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಸುಮಾರು 30 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ಫಾಯಿಲ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಗೋಡೆಯ ತೇವದ ಜಾಗವನ್ನು ಬಟ್ಟೆಯಲ್ಲಿ ಒರೆಸಿ. ಹಾಳೆಯನ್ನು ಅಲ್ಲಿಟ್ಟು, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಹೊರಗಡೆ, ಅಂದರೆ ಕೋಣೆಯ ಕಡೆಗೆ, ಹನಿ ಕಂಡರೆ ಅದು ಕೋಣೆಯ ಗಾಳಿಯಲ್ಲಿರುವ ತೇವ. ಕಿಟಕಿ ತೆಗೆಯುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದು ಇದಕ್ಕೆ ಮದ್ದು. ಒಳಗಡೆ, ಗೋಡೆಯ ಕಡೆಗೆ, ಒದ್ದೆಯಾಗಿದ್ದರೆ ನೀರು ಗೋಡೆಯೊಳಗಿಂದಲೇ ಬರುತ್ತಿದೆ. ಆಗ ಪೈಪು, ಮೇಲಿನ ಬಾತ್‌ರೂಂ, ತಾರಸಿ, ಹೊರಗೋಡೆಯ ಬಿರುಕು, ಗೋಡೆಗೆ ಒತ್ತಿಕೊಂಡಿರುವ ಮಣ್ಣು ಎಲ್ಲವನ್ನೂ ಒಂದೊಂದಾಗಿ ಅನುಮಾನಿಸುತ್ತಾ ಹೋಗಬೇಕು.

ಮನೆಯ ಪೈಪುಗಳು ಎಲ್ಲೋ ಗುಟ್ಟಾಗಿ ಸೋರುತ್ತಿವೆಯಾ? ನೀರಿನ ಮೀಟರ್ ಇದ್ದರೆ ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ಅಂಕಿ ಬರೆದಿಡಿ. ಒಂದೆರಡು ಗಂಟೆ ಯಾರೂ ನೀರು ಮುಟ್ಟದ ಹಾಗೆ ನೋಡಿಕೊಂಡು, ಮತ್ತೆ ಅಂಕಿ ನೋಡಿ. ಬದಲಾಗಿದ್ದರೆ ಸೋರಿಕೆ ಇದೆ. ಕಮೋಡಿನ ಫ್ಲಶ್ ಟ್ಯಾಂಕಿಗೆ ಇನ್ನೂ ಸುಲಭದ ಪರೀಕ್ಷೆ ಇದೆ. ಟ್ಯಾಂಕಿನ ನೀರಿಗೆ ಒಂದಿಷ್ಟು ಬಣ್ಣ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕೆಳಗಿನ ಬೋಗುಣಿಗೆ ಬಣ್ಣ ಇಳಿದಿದ್ದರೆ ಟ್ಯಾಂಕಿನೊಳಗಿನ ರಬ್ಬರ್ ಸವೆದಿದೆ. ಅದು ಪುಟ್ಟ ಬಿಡಿಭಾಗ, ಬದಲಾಯಿಸುವುದು ಕಷ್ಟವಿಲ್ಲ. ತೊಟ್ಟಿಕ್ಕುವ ನಲ್ಲಿಯ ಕಥೆಯೂ ಹೆಚ್ಚಾಗಿ ಇಷ್ಟೇ. ಹಳೇ ಥರದ ನಲ್ಲಿಗೆ ವಾಷರ್, ಹೊಸ ಥರದ್ದಕ್ಕೆ ಕಾರ್ಟ್ರಿಜ್. ನಲ್ಲಿ ಬಿಚ್ಚುವ ಮೊದಲು ಮುಖ್ಯ ವಾಲ್ವ್ ಬಂದ್ ಮಾಡಿ. ಸಿಂಕಿನ ರಂಧ್ರಕ್ಕೆ ಬಟ್ಟೆ ತುರುಕಿ, ಇಲ್ಲದಿದ್ದರೆ ಸ್ಕ್ರೂ ಜಾರಿ ಒಳಗೆ ಹೋಗುತ್ತದೆ.

ಮನೆಯ ಸುತ್ತ ನೀರು ಯಾವ ಕಡೆ ಹರಿಯುತ್ತದೆ ಅನ್ನುವುದನ್ನು ಮಳೆ ಬರುವಾಗಲೇ ಹೊರಗೆ ನಿಂತು ನೋಡಬೇಕು. ನೆಲದ ಇಳಿಜಾರು ಗೋಡೆಯಿಂದ ಆಚೆಗಿರಬೇಕು. ಮೊದಲ 3 ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಇಳಿಜಾರು ಇದ್ದರೆ ನೀರು ಅಡಿಪಾಯದ ಹತ್ತಿರ ನಿಲ್ಲುವುದಿಲ್ಲ. ತಾರಸಿಯ ಪೈಪಿನ ಬಾಯಿಗೆ ಎಲೆ, ಕಸ ಕಟ್ಟಿಕೊಂಡಿದ್ದರೆ ತೆಗೆಯಿರಿ. ಗೋಡೆಗೆ ಮಣ್ಣು ಒತ್ತಿಕೊಂಡಿದ್ದರೆ ಸಲಿಕೆ ಹಿಡಿದು ಕೆಳಕ್ಕಿಳಿಸಿ. ಇದಕ್ಕೆಲ್ಲ ಖರ್ಚೇ ಇಲ್ಲ. ಆದರೂ ಮುಂದೆ ಬರಬಹುದಾದ ದೊಡ್ಡ ಖರ್ಚು ಇಲ್ಲೇ ತಪ್ಪುತ್ತದೆ.

ಇನ್ನು ತೇವದ ಕಲೆ ಮೇಲೆ ಬಣ್ಣ ಬಳಿದು, ಅದರ ಮುಂದೆ ಬೀರು ಇಟ್ಟು ಮಾರಿಬಿಡೋಣ ಅನ್ನುವವರಿದ್ದಾರೆ. ಬೇಡ. ಕೊಳ್ಳುವವರ ಕಡೆಯಿಂದ ಪರೀಕ್ಷೆಗೆ ಬರುವವರು ತೇವ ಅಳೆಯುವ ಮೀಟರ್ ತರುತ್ತಾರೆ. ಒಂದು ಕಡೆ ಮುಚ್ಚಿಟ್ಟದ್ದು ಗೊತ್ತಾದರೆ ಆಮೇಲೆ ನೀವು ಹೇಳುವ ಯಾವ ಮಾತನ್ನೂ ಅವರು ನಂಬುವುದಿಲ್ಲ.

ವಿದ್ಯುತ್ ಕೆಲಸ ಗೊತ್ತಿರುವವರಿಗೇ ಬಿಡಿ

ಒಡೆದ ಸ್ವಿಚ್, ಸಡಿಲವಾದ ಸಾಕೆಟ್, ಪ್ಲಗ್ ಹಾಕಿದರೆ ಕಿಡಿ, ಸುಟ್ಟ ವಾಸನೆ. ಇವೆಲ್ಲ ಪಟ್ಟಿಯಲ್ಲಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ. ಒಂದೊಂದಕ್ಕೆ ಒಂದೊಂದು ಸಲ ಕರೆಸಿದರೆ ದುಬಾರಿಯಾಗುತ್ತದೆ, ಎಲ್ಲವನ್ನೂ ಕೂಡಿಹಾಕಿ ಒಂದೇ ಸಲ ಮಾಡಿಸಿ. ಹಾಗೇ ಅರ್ಥಿಂಗ್ ಪರೀಕ್ಷೆ ಮಾಡಲು ಹೇಳಿ. ಸೋರುವ ಕರೆಂಟ್ ಗುರುತಿಸಿ ತಟ್ಟನೆ ಆಫ್ ಆಗುವ ಸಾಧನ ಇಲ್ಲದಿದ್ದರೆ ಹಾಕಿಸಿ. ಮನುಷ್ಯರ ಜೀವ ಉಳಿಸಲು ಸಾಮಾನ್ಯವಾಗಿ 30 ಮಿಲಿಆಂಪಿಯರಿನದ್ದು ಬಳಸುತ್ತಾರೆ. ಇದು ನೋಡಲು ಚಂದ ಏನೂ ಅಲ್ಲ. ಆದರೆ ಇಡೀ ಪಟ್ಟಿಯಲ್ಲಿ ಮುಂದಕ್ಕೆ ಹಾಕಲೇಬಾರದ ಕೆಲಸ ಅಂದರೆ ನನ್ನ ಪ್ರಕಾರ ಇದೇ.

ಖಾಲಿ ಮಾಡಿ, ಉಜ್ಜಿ

ಮನೆ ದೊಡ್ಡದಾಗಿ ಕಾಣಲು ಗೋಡೆ ಒಡೆಯಬೇಕಾಗಿಲ್ಲ, ಸಾಮಾನು ಕಡಿಮೆ ಮಾಡಿದರೆ ಸಾಕು. ಕೋಣೆಯ ನಡುವೆ ಓಡಾಡುವ ದಾರಿಗೆ ಅಡ್ಡ ಬರುವ ಒಂದು ಮೇಜು ಅಥವಾ ಕುರ್ಚಿ ಎಲ್ಲ ಮನೆಯಲ್ಲೂ ಇರುತ್ತದೆ. ಅದನ್ನು ಹೊರಗೆ ಹಾಕಿ. ಕಪಾಟುಗಳಲ್ಲಿ ಮೂರರಲ್ಲಿ ಒಂದು ಪಾಲು ಜಾಗ ಖಾಲಿ ಕಾಣುವ ಹಾಗೆ ಮಾಡಿ. ಮನೆ ನೋಡಲು ಬಂದವರು ಕಪಾಟು ತೆಗೆದೇ ತೆಗೆಯುತ್ತಾರೆ. ತುಂಬಿ ತುಳುಕುವುದನ್ನು ಕಂಡರೆ ಈ ಮನೆಯಲ್ಲಿ ಸಾಮಾನು ಇಡಲು ಜಾಗವೇ ಇಲ್ಲ ಅಂದುಕೊಳ್ಳುತ್ತಾರೆ.

ಆಮೇಲೆ ಉಜ್ಜುವ ಕೆಲಸ. ಕಿಟಕಿ ಗಾಜನ್ನು ಒಳಗೂ ಹೊರಗೂ ತೊಳೆಯಿರಿ. ಇಷ್ಟು ಮಾಡಿದರೇ ಕೋಣೆಗೆ ಬರುವ ಬೆಳಕಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಫ್ಯಾನಿನ ರೆಕ್ಕೆ, ಸ್ವಿಚ್ ಬೋರ್ಡಿನ ಸುತ್ತ ಕೈ ತಾಗಿ ಕಪ್ಪಾದ ಗೋಡೆ, ಬಾಗಿಲಿನ ಹಿಡಿಯ ಪಕ್ಕ, ಎಕ್ಸಾಸ್ಟ್ ಫ್ಯಾನಿನ ಜಿಡ್ಡು. ನಾವು ಮರೆಯುವುದು ಇವನ್ನೇ. ಸ್ವಿಚ್, ಫ್ಯಾನುಗಳನ್ನು ಒರೆಸುವ ಮೊದಲು ಕರೆಂಟ್ ಆಫ್ ಮಾಡಿ.

ಬಾತ್‌ರೂಂ ಟೈಲ್ಸ್ ನಡುವಿನ ಸಂದಿ ತುಂಬಿದ ಗ್ರೌಟ್ ಕಪ್ಪಾಗಿದ್ದರೆ ಟೈಲ್ಸನ್ನೇ ಬದಲಾಯಿಸಬೇಕು ಅನ್ನಿಸುವುದುಂಟು. ಒಳ್ಳೆಯ ಟೈಲ್ಸಿದ್ದರೂ ಕೊಳಕು ಗ್ರೌಟಿನಿಂದ ಇಡೀ ಗೋಡೆ ಹಳತಾಗಿ ಕಾಣುತ್ತದೆ. ಗಟ್ಟಿ ಬ್ರಷ್ಷು, ಆಕ್ಸಿಜನ್ ಬ್ಲೀಚ್ ಪುಡಿಯ ಬಿಸಿನೀರು ಹಾಕಿ ಉಜ್ಜಿ ನೋಡಿ. ಹೋಗದಿದ್ದರೆ ಮೇಲಿನ ಪದರ ಕೆರೆದು ಹೊಸ ಗ್ರೌಟ್ ತುಂಬಿ. ಆಸಿಡ್ ಸುರಿಯಬೇಡಿ, ಸಿಮೆಂಟ್ ಗ್ರೌಟನ್ನು ಅದು ತಿಂದುಹಾಕುತ್ತದೆ. ಸಾಮಾನ್ಯ ಕ್ಲೋರಿನ್ ಬ್ಲೀಚನ್ನು ಆಸಿಡ್ ಜೊತೆಗಾಗಲಿ, ಅಮೋನಿಯಾ ಇರುವ ಕ್ಲೀನರ್ ಜೊತೆಗಾಗಲಿ ಯಾವತ್ತೂ ಬೆರೆಸಬಾರದು. ಹುಟ್ಟುವ ಗಾಳಿ ವಿಷ. ಬಾಗಿಲು ಹಾಕಿಕೊಂಡು ಉಜ್ಜುವ ಬಾತ್‌ರೂಮಿನಲ್ಲಂತೂ ಪ್ರಾಣಕ್ಕೇ ಅಪಾಯ.

ಸಿಂಕ್ ಪಕ್ಕದ ಆ ಕಪ್ಪು ಗೆರೆ

ಸಿಂಕ್, ಬೇಸಿನ್, ಶವರ್ ಮೂಲೆಗಳಲ್ಲಿ ಸಂದಿ ಮುಚ್ಚಲು ಹಚ್ಚಿದ ಸಿಲಿಕೋನ್ ಸೀಲೆಂಟ್ ಬೂಷ್ಟು ಹಿಡಿದು ಕಪ್ಪಾಗಿರುತ್ತದೆ. ಒಂದು ಟ್ಯೂಬ್ ಸೀಲೆಂಟ್, ಸ್ವಲ್ಪ ಹೊತ್ತಿನ ಕೆಲಸ, ನಡುವೆ ಒಣಗಲು ಒಂದು ರಾತ್ರಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬದಲಾವಣೆ ತೋರಿಸುವ ಕೆಲಸಗಳು ಕಡಿಮೆ. ಆದರೆ ಹೆಚ್ಚಿನವರು ಹಳೆಯದರ ಮೇಲೇ ಹೊಸದನ್ನು ಹಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಹೊಸ ಸಿಲಿಕೋನ್ ಹಳೆಯದಕ್ಕೆ ಸರಿಯಾಗಿ ಅಂಟುವುದಿಲ್ಲ. ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಸರಿಯಾದ ಕ್ರಮ ಹೀಗೆ. ಬ್ಲೇಡ್ ಅಥವಾ ಚೂಪಾದ ಪ್ಲಾಸ್ಟಿಕ್ ಪಟ್ಟಿಯಿಂದ ಹಳೆಯದನ್ನು ಪೂರ್ತಿ ಕೆರೆದು ತೆಗೆಯಿರಿ. ಬೆರಳಾಡಿಸಿದರೆ ಎಲ್ಲೂ ರಬ್ಬರಿನ ಹಾಗೆ ತಾಗಬಾರದು. ಬೂಷ್ಟನ್ನು ತೊಳೆದು, ರಾತ್ರಿಯೆಲ್ಲ ಒಣಗಲು ಬಿಡಿ. ಬೆಳಗ್ಗೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಸಂದಿಯ ಎರಡೂ ಬದಿಗೆ ಉದ್ದಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ನಡುವೆ ಸುಮಾರು 6 ಮಿಲಿಮೀಟರ್ ಜಾಗ ಬಿಡಿ. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ. ಕತ್ತರಿಸಿದ ಬಾಯಿ ಚಿಕ್ಕದಿದ್ದಷ್ಟೂ ಕೆಲಸ ಹದ್ದುಬಸ್ತಿನಲ್ಲಿರುತ್ತದೆ. ಒಂದೇ ಸಮನೆ ಒತ್ತುತ್ತಾ, ನಿಲ್ಲಿಸದೆ ಗೆರೆ ಎಳೆಯಿರಿ. ಸೋಪು ನೀರಿನಲ್ಲಿ ಅದ್ದಿದ ಬೆರಳಿನಿಂದ ಒಂದೇ ಸಲ ಸವರಿ. ಎರಡನೆಯ ಸಲ ಸವರಿದರೆ ಹಾಳಾಗುತ್ತದೆ, ಆಸೆ ತಡೆದುಕೊಳ್ಳಿ. ಸಿಲಿಕೋನ್ ಇನ್ನೂ ಹಸಿಯಾಗಿರುವಾಗಲೇ ಟೇಪ್ ಕಿತ್ತುಬಿಡಿ, ಅಂಚು ಕತ್ತರಿಸಿದಷ್ಟು ನೇರ ಬರುತ್ತದೆ. 24 ಗಂಟೆ ನೀರು ತಾಗಿಸಬೇಡಿ.

ಇನ್ನೊಂದೆರಡು ಮಾತು. ಸ್ನಾನದ ತೊಟ್ಟಿಯ ಅಂಚಿಗೆ ಹಚ್ಚುವುದಾದರೆ ಮೊದಲು ತೊಟ್ಟಿ ತುಂಬ ನೀರು ತುಂಬಿಸಿ. ಭಾರಕ್ಕೆ ತೊಟ್ಟಿ ಸ್ವಲ್ಪ ಕೆಳಗಿಳಿದು ಸಂದಿ ಬಿಚ್ಚಿಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಹಚ್ಚಿದ ಸೀಲೆಂಟ್ ಮುಂದೆ ಬಿರಿಯುವುದಿಲ್ಲ. ಮಾರ್ಬಲ್ ಇದ್ದರೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಆಮ್ಲ ಕಲ್ಲಿಗೆ ಕಲೆ ಮಾಡಬಹುದು. ನ್ಯೂಟ್ರಲ್ ಅಂತ ಬರೆದಿರುವುದನ್ನು ಕೇಳಿ ತನ್ನಿ.

ಬಣ್ಣ: ಬಳಿಯುವುದಕ್ಕಿಂತ ತಯಾರಿ ಜಾಸ್ತಿ

ಖರ್ಚಿಗೆ ತಕ್ಕ ಫಲ ಕೊಡುವುದರಲ್ಲಿ ಬಣ್ಣಕ್ಕೆ ಸಮ ಇಲ್ಲ. ಆದರೆ ಅವಸರದ ಬಣ್ಣ ಹಳೆಯ ಬಣ್ಣಕ್ಕಿಂತ ಕೆಟ್ಟದಾಗಿ ಕಾಣುತ್ತದೆ. ಸ್ವಿಚ್ ಬೋರ್ಡಿನ ಮೇಲೆ ಸಿಡಿದ ಹನಿ, ಸೀಲಿಂಗಿನ ಅಂಚಿನ ಅಂಕುಡೊಂಕು ಗೆರೆ ಕಂಡರೆ ಮನೆ ನೋಡಲು ಬಂದವರಿಗೆ ಮಾರಲೆಂದೇ ಬಳಿದಿದ್ದಾರೆ ಅಂತ ತಕ್ಷಣ ಗೊತ್ತಾಗುತ್ತದೆ.

ಹಳೇ ಮನೆಯಾಗಿದ್ದರೆ ಮೊದಲೇ ಒಂದು ಎಚ್ಚರಿಕೆ. ಹಿಂದಿನ ಕಾಲದ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಅಮೆರಿಕದಲ್ಲಿ ಮನೆಗಳ ಬಣ್ಣಕ್ಕೆ ಅದನ್ನು ನಿಷೇಧಿಸಿದ್ದೇ 1978ರಲ್ಲಿ. ಅಂಥ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಏಳುವ ಧೂಳು ಮಕ್ಕಳ ಮಿದುಳಿಗೆ ಹಾನಿ ಮಾಡುತ್ತದೆ. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಉಜ್ಜಲು ಹೋಗಬೇಡಿ.

ತಯಾರಿ ಅಂದರೆ ಇಷ್ಟು. ಎದ್ದು ಬಂದ ಬಣ್ಣ ಕೆರೆಯಿರಿ. ಮೊಳೆಯ ತೂತು, ಸಣ್ಣ ಬಿರುಕುಗಳಿಗೆ ಪುಟ್ಟಿ ತುಂಬಿ. ತುಂಬಿದ್ದು ಒಣಗಿದ ಮೇಲೆ ಸ್ವಲ್ಪ ಕುಗ್ಗುತ್ತದೆ, ಇನ್ನೊಂದು ಸಲ ತುಂಬಿ. ಉಜ್ಜುಕಾಗದದಲ್ಲಿ ನಯ ಮಾಡಿ, ಧೂಳು ಒರೆಸಿ. ಗೋಡೆ ನಯವಾಗಿದೆಯಾ ಅಂತ ನೋಡಲು ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ಅಡ್ಡಕ್ಕೆ ಬೆಳಕು ಬಿಡಿ. ಹಗಲಲ್ಲಿ ಕಾಣದ ಉಬ್ಬು ತಗ್ಗೆಲ್ಲ ನೆರಳು ಬಿಟ್ಟು ಎದ್ದು ಕಾಣುತ್ತವೆ. ಪುಟ್ಟಿ ಹಾಕಿದ ಜಾಗಕ್ಕೆಲ್ಲ ಬಣ್ಣಕ್ಕೆ ಮುಂಚೆ ಬಳಿಯುವ ಪ್ರೈಮರ್ ಹಚ್ಚಲೇಬೇಕು. ಬಿಟ್ಟರೆ ಆ ಜಾಗ ಬಣ್ಣ ಹೀರಿಕೊಂಡು ಮಂಕಾಗಿ ಉಳಿಯುತ್ತದೆ. ನೀರಿನ ಹಳೇ ಕಲೆ ಇದ್ದರೆ ಸಾಮಾನ್ಯ ಪ್ರೈಮರ್ ಸಾಲದು, ಕಲೆ ತಡೆಯುವ ಪ್ರೈಮರ್ ಬೇಕು. ಇಲ್ಲದಿದ್ದರೆ ಎರಡು ಕೋಟ್ ಬಳಿದರೂ ಕಂದು ಬಣ್ಣ ಮತ್ತೆ ಇಣುಕುತ್ತದೆ. ಗೋಡೆಗೆ ಹೊಸದಾಗಿ ಗಾರೆ ಮಾಡಿಸಿದ್ದರೆ ನಾಲ್ಕು ವಾರವಾದರೂ ಒಣಗಲು ಬಿಡಿ.

ಎಷ್ಟು ಬಣ್ಣ ಬೇಕು ಅನ್ನುವ ಲೆಕ್ಕ ಸುಲಭ. ನಯವಾದ, ಪ್ರೈಮರ್ ಹಚ್ಚಿದ ಗೋಡೆಯಲ್ಲಿ 1 ಲೀಟರ್ ಬಣ್ಣ ಒಂದು ಕೋಟ್ ಬಳಿಯಲು ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆ. ಗೋಡೆಗಳ ಉದ್ದವನ್ನೆಲ್ಲ ಕೂಡಿಸಿ ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಗಳ ಅಳತೆ ಕಳೆದು, ಎರಡು ಕೋಟ್ ಬಳಿಯುವುದರಿಂದ ಎರಡರಿಂದ ಗುಣಿಸಿ. ಬಂದದ್ದನ್ನು 10ರಿಂದ ಭಾಗಿಸಿದರೆ ಎಷ್ಟು ಲೀಟರ್ ಅಂತ ಸಿಗುತ್ತದೆ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಟ್ಟಿಗೇ ಮಿಶ್ರ ಮಾಡಿಸಿ ತನ್ನಿ. ನಡುವೆ ಖಾಲಿಯಾಗಿ ಇನ್ನೊಂದು ಡಬ್ಬಿ ತಂದರೆ ಬಣ್ಣ ಕೂದಲೆಳೆಯಷ್ಟಾದರೂ ಬೇರೆಯಾಗಿರುತ್ತದೆ.

ಬಣ್ಣದ ಆಯ್ಕೆ? ಡಬ್ಬಿಯ ಮುಚ್ಚಳ ನೋಡಿ ತೀರ್ಮಾನ ಮಾಡಬೇಡಿ. ದೊಡ್ಡ ರಟ್ಟಿಗೆ ಎರಡು ಕೋಟ್ ಬಳಿದು, ಕೋಣೆಯ ಬೇರೆ ಬೇರೆ ಗೋಡೆಗೆ ಆನಿಸಿ, ಬೆಳಗ್ಗೆಯೂ ರಾತ್ರಿ ದೀಪದಲ್ಲೂ ನೋಡಿ. ಮಾರುವ ಮನೆಗೆ ತಿಳಿ ಬಣ್ಣ ಒಳ್ಳೆಯದು, ನಿಜ. ಆದರೆ ಎಲ್ಲ ಗೋಡೆಗೂ ಅಚ್ಚ ಬಿಳಿ ಬಳಿದ ಮನೆ ನನಗಂತೂ ಆಸ್ಪತ್ರೆ ನೆನಪಿಸುತ್ತದೆ. ಸ್ವಲ್ಪ ಹಳದಿ ಅಥವಾ ಬೂದು ಬೆರೆತ ಬಿಳಿ ಕಣ್ಣಿಗೆ ಹಿತ. ಹೊಳಪಿನ ವಿಷಯಕ್ಕೆ ಬಂದರೆ, ಗೋಡೆ ಏರುಪೇರಾಗಿದ್ದಷ್ಟೂ ಹೊಳಪಿಲ್ಲದ ಮ್ಯಾಟ್ ಕಡೆಗೆ ಹೋಗಿ. ಹೊಳಪು ಪ್ರತಿ ಉಬ್ಬನ್ನೂ ಎತ್ತಿ ತೋರಿಸುತ್ತದೆ. ಅಡುಗೆಮನೆ, ಬಾತ್‌ರೂಂಗಳಲ್ಲಿ ಮಾತ್ರ ಒರೆಸಲು ಬರುವ, ಸ್ವಲ್ಪ ಹೊಳಪಿನ ಸ್ಯಾಟಿನ್ ಇರಲಿ.

ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಅಂಚನ್ನು ಬ್ರಷ್ಷಿನಲ್ಲಿ ಬಳಿದ ಕೂಡಲೇ, ಅದು ಹಸಿಯಾಗಿರುವಾಗಲೇ ರೋಲರ್ ಓಡಿಸಿ. ಇಡೀ ಮನೆಗೆ ದುಡ್ಡು ಸಾಲದಿದ್ದರೆ ಒಳಗೆ ಬರುತ್ತಲೇ ಕಾಣುವ ಕೋಣೆಯಷ್ಟನ್ನಾದರೂ ಪೂರ್ತಿ ಮಾಡಿ. ಎಲ್ಲ ಕೋಣೆಗೂ ಅರ್ಧರ್ಧ ತೇಪೆ ಹಚ್ಚುವುದು ಬೇಡ.

ಬಲ್ಬ್ ಬದಲಾಯಿಸಿ

ಒಂದೇ ಕೋಣೆಯಲ್ಲಿ ಒಂದು ಬಲ್ಬ್ ಹಳದಿ, ಇನ್ನೊಂದು ನೀಲಿ ಬಿಳಿ. ಇದು ಎಷ್ಟೋ ಮನೆಗಳಲ್ಲಿದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಲ್ಇಡಿ ಬಲ್ಬಿನ ಪೆಟ್ಟಿಗೆ ಮೇಲೆ ಕೆಲ್ವಿನ್ ಅಂತ ಒಂದು ಅಂಕಿ ಇರುತ್ತದೆ. 2700ರಿಂದ 3000 ಅಂದರೆ ಬೆಚ್ಚನೆಯ ಹಳದಿ ಬೆಳಕು, ಹಜಾರಕ್ಕೂ ಮಲಗುವ ಕೋಣೆಗೂ ಒಪ್ಪುತ್ತದೆ. 4000 ಅಂದರೆ ಶುದ್ಧ ಬಿಳಿ, ಅಡುಗೆಮನೆಗೆ ಸರಿ. 6500 ಆಸುಪಾಸಿನ ನೀಲಿ ಬಿಳಿ ಮನೆಯೊಳಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದು ಕೋಣೆಗೆ ಒಂದೇ ಅಂಕಿ ಇರಲಿ. ಅದೇ ಪೆಟ್ಟಿಗೆಯಲ್ಲಿ ಸಿಆರ್‌ಐ ಅಂತಲೂ ಇರುತ್ತದೆ. 100ರ ಹತ್ತಿರ ಇದ್ದಷ್ಟೂ ಗೋಡೆ, ಬಟ್ಟೆ, ಮುಖಗಳ ಬಣ್ಣ ಸಹಜವಾಗಿ ಕಾಣುತ್ತದೆ. 80ಕ್ಕಿಂತ ಕಡಿಮೆ ತರಬೇಡಿ, 90 ಸಿಕ್ಕರೆ ಒಳ್ಳೆಯದು. ಹಳೇ 60 ವಾಟಿನ ಬಲ್ಬ್ ಕೊಡುತ್ತಿದ್ದಷ್ಟು ಬೆಳಕನ್ನು ಸುಮಾರು 9 ವಾಟಿನ ಎಲ್ಇಡಿ ಕೊಡುತ್ತದೆ.

ಸೀಲಿಂಗಿನ ನಡುವೆ ಒಂದೇ ಬಲ್ಬ್ ಇರುವ ಕೋಣೆಯಲ್ಲಿ ಮೂಲೆಗಳೆಲ್ಲ ಕತ್ತಲಾಗಿರುತ್ತವೆ. ಒಂದು ಸ್ಟ್ಯಾಂಡ್ ಲ್ಯಾಂಪ್ ಇಟ್ಟರೂ ಕೋಣೆ ಅಗಲವಾದಂತೆ ಕಾಣುತ್ತದೆ. ಕಿಟಕಿಯ ಪರದೆಯಲ್ಲೂ ಒಂದು ಉಪಾಯ ಇದೆ. ರಾಡನ್ನು ಚೌಕಟ್ಟಿಗಿಂತ 10ರಿಂದ 15 ಸೆಂಟಿಮೀಟರ್ ಮೇಲೆ ಹಾಕಿ, ಎರಡೂ ಬದಿಗೆ 15ರಿಂದ 20 ಸೆಂಟಿಮೀಟರ್ ಚಾಚಿ. ಪರದೆ ಸರಿಸಿದಾಗ ಅದು ಗೋಡೆಯ ಮೇಲೆ ನಿಲ್ಲುತ್ತದೆ. ಗಾಜು ಪೂರ್ತಿ ತೆರೆದುಕೊಳ್ಳುತ್ತದೆ, ಕಿಟಕಿಯೇ ದೊಡ್ಡದಾದ ಹಾಗೆ ಕಾಣುತ್ತದೆ.

ಅಡುಗೆಮನೆ ಒಡೆಯದೆ

ಅಡುಗೆಮನೆ ಅಂದ ಕೂಡಲೇ ಎಲ್ಲ ಕಿತ್ತು ಹೊಸದು ಮಾಡಿಸುವ ಯೋಚನೆ ಬರುತ್ತದೆ. ಜೇಬಿಗೆ ದೊಡ್ಡ ಕತ್ತರಿ ಬೀಳುವುದೂ ಇಲ್ಲೇ. ಕಪಾಟಿನ ಒಳಗಿನ ಪೆಟ್ಟಿಗೆ ಗಟ್ಟಿಯಾಗಿದ್ದರೆ ಅದನ್ನು ಮುಟ್ಟಬೇಡಿ. ಬಾಗಿಲು ಮತ್ತು ಹಿಡಿಗಳನ್ನು ಮಾತ್ರ ನೋಡಿ.

ಹಿಡಿ ಕೊಳ್ಳುವ ಮೊದಲು ಎರಡು ಸ್ಕ್ರೂಗಳ ನಡುವಿನ ಅಂತರ ಅಳೆಯಿರಿ. ಸಾಮಾನ್ಯವಾಗಿ 96, 128 ಅಥವಾ 160 ಮಿಲಿಮೀಟರ್ ಇರುತ್ತದೆ. ಅದೇ ಅಳತೆಯದ್ದು ತಂದರೆ ಹೊಸ ತೂತು ಕೊರೆಯುವ, ಹಳೆಯದನ್ನು ಮುಚ್ಚುವ ರಗಳೆ ಇಲ್ಲ. ಬಾಗಿಲು ಸೊಟ್ಟಗೆ ನೇತಾಡುತ್ತಿದ್ದರೆ ಒಳಗಿನ ಹಿಂಜ್‌ನಲ್ಲಿ ಸಣ್ಣ ಸ್ಕ್ರೂಗಳಿವೆ. ತಿರುಗಿಸಿದರೆ ಬಾಗಿಲು ಎಡಬಲಕ್ಕೆ, ಮುಂದೆ ಹಿಂದಕ್ಕೆ ಸರಿಯುತ್ತದೆ. ಸ್ಕ್ರೂಡ್ರೈವರ್ ಒಂದಿದ್ದರೆ ಸಾಕು.

ಮರದ ಬಾಗಿಲಿಗೆ ಬಣ್ಣ ಬಳಿಯುವುದಾದರೆ ಜಿಡ್ಡು ತೆಗೆಯುವುದರಲ್ಲೇ ಗೆಲುವು ಸೋಲು ತೀರ್ಮಾನವಾಗುತ್ತದೆ. ಬಾಗಿಲುಗಳನ್ನು ಬಿಚ್ಚಿ, ಯಾವುದು ಎಲ್ಲಿಯದು ಅಂತ ಟೇಪ್ ಮೇಲೆ ಬರೆದು ಅಂಟಿಸಿ. ಜಿಡ್ಡು ಬಿಡಿಸುವ ಸೋಪಿನಲ್ಲಿ ಎರಡು ಸಲ ತೊಳೆದು, ಒಣಗಿಸಿ, 180 ಅಥವಾ 220 ನಂಬರಿನ ಉಜ್ಜುಕಾಗದ ಆಡಿಸಿ. ನಯವಾದ ಮೇಲ್ಮೈಗೆ ಹಿಡಿದುಕೊಳ್ಳುವ ಬಾಂಡಿಂಗ್ ಪ್ರೈಮರ್ ಹಚ್ಚಿ. ಬಣ್ಣ ತೆಳುವಾಗಿ ಎರಡು ಕೋಟ್. ಕೆಲವು ಗಂಟೆಗಳಲ್ಲಿ ಮುಟ್ಟಿದರೆ ಒಣಗಿದಂತೆ ಅನ್ನಿಸುತ್ತದೆ. ಆದರೆ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಅಲ್ಲಿಯವರೆಗೆ ಬಾಗಿಲನ್ನು ಮೆತ್ತಗೆ ತೆರೆದು ಮುಚ್ಚಿ, ಬಲವಾಗಿ ಉಜ್ಜಬೇಡಿ. ಹಾಗೇ ಸಿಂಕಿನ ನಲ್ಲಿ ಹಳತಾಗಿದ್ದರೆ ಅದೊಂದನ್ನು ಹೊಸದು ಹಾಕಿ. ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಬಾಗಿಲು, ಕಿಟಕಿ, ಹೊರಾಂಗಣ

ಕಿರ್ ಅನ್ನುವ ಬಾಗಿಲಿಗೆ ಹಿಂಜ್‌ನ ಪಿನ್ ಎಬ್ಬಿಸಿ, ಒರೆಸಿ, ಎಣ್ಣೆ ಹಚ್ಚಿ ವಾಪಸ್ ಹಾಕಿ. ಸ್ಕ್ರೂ ಹಿಡಿಯದೆ ಸುಮ್ನೆ ತಿರುಗುತ್ತಿದ್ದರೆ ತೂತಿನೊಳಗೆ ಮರದ ಅಂಟು ಹಚ್ಚಿದ ಎರಡು ಮೂರು ಕಡ್ಡಿಗಳನ್ನು ತುರುಕಿ, ಒಣಗಿದ ಮೇಲೆ ಹೊರಗೆ ಉಳಿದದ್ದನ್ನು ಕತ್ತರಿಸಿ ಸ್ಕ್ರೂ ಹಾಕಿ. ಮತ್ತೆ ಗಟ್ಟಿಯಾಗುತ್ತದೆ. ಕಿಟಕಿ ಸರಿಯಾಗಿ ಮುಚ್ಚುತ್ತಿದೆಯಾ ಅಂತ ನೋಡಲು ಒಂದು ಕಾಗದದ ಪಟ್ಟಿಯನ್ನು ನಡುವೆ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಸಂದಿ ಇದೆ, ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸಿ. ಧೂಳು, ಸದ್ದು, ಬಿಸಿ, ಚಳಿ ಎಲ್ಲವೂ ಕಡಿಮೆಯಾಗುತ್ತದೆ.

ಹೊರಗೆ ಮುಂಬಾಗಿಲಿಗೆ ಹೊಸ ಬಣ್ಣ, ಓದಲು ಬರುವ ಮನೆ ನಂಬರ್, ಉರಿಯುವ ದೀಪ, ತುಕ್ಕು ಕೆರೆದು ಬಣ್ಣ ಹಚ್ಚಿದ ಗೇಟ್. ಇಷ್ಟು ಸಾಕು. ನೀವು ಕೀಲಿ ಹುಡುಕುತ್ತಾ ಬಾಗಿಲ ಮುಂದೆ ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಬಂದವರಿಗೆ ನೋಡಲು ಬೇರೆ ಏನೂ ಇರುವುದಿಲ್ಲ. ಹಾಗಾಗಿ ಬೀಗ ತಡೆಯದೆ ಸಲೀಸಾಗಿ ತಿರುಗುವಂತಿರಲಿ. ಗಿಡಗಳಿದ್ದರೆ ಗೋಡೆಗೆ ತಾಗಿದ ಕೊಂಬೆ ಕಡಿದು, ಒಣಗಿದ್ದನ್ನು ಕಿತ್ತು ಹಾಕಿ.

ದುಡ್ಡು ಎಲ್ಲಿ ಹಾಕಬಾರದು

ಸುತ್ತಮುತ್ತಲಿನ ಮನೆಗಳಿಗಿಂತ ತುಂಬಾ ಮೇಲಕ್ಕೆ ನಿಮ್ಮ ಮನೆಯನ್ನು ಒಯ್ಯಲು ಹೋಗಬೇಡಿ. ಬೆಲೆ ಕಟ್ಟುವಾಗ ಹೋಲಿಸುವುದು ಆ ಮನೆಗಳ ಜೊತೆಗೇ. ಹಾಕಿದ ದುಡ್ಡು ವಾಪಸ್ ಬರುವುದಿಲ್ಲ. ನಿಮ್ಮ ವೈಯಕ್ತಿಕ ರುಚಿಯ ಕೆಲಸಗಳೂ ಹಾಗೇ. ಕಡು ನೇರಳೆ ಟೈಲ್ಸ್, ಗೋಡೆ ತುಂಬ ಕಟ್ಟಿಸಿದ ಹೋಂ ಥಿಯೇಟರ್, ಕೋಣೆ ತುಂಬ ಅಲಂಕಾರದ ಫಾಲ್ಸ್ ಸೀಲಿಂಗ್. ನೀವೇ ಇದ್ದು ಸುಖಪಡುವುದಾದರೆ ಧಾರಾಳವಾಗಿ ಮಾಡಿಸಿ, ಮಾರುವಾಗ ಲಾಭ ಬರುತ್ತದೆ ಅಂದುಕೊಂಡು ಬೇಡ. ಮಲಗುವ ಕೋಣೆ ಒಂದನ್ನು ಕಡಿಮೆ ಮಾಡಿ ಹಜಾರ ದೊಡ್ಡದು ಮಾಡುವುದಂತೂ ಹೆಚ್ಚಾಗಿ ನಷ್ಟದ ಬಾಬತ್ತು. ಗೋಡೆ ಒಡೆಯಲೇಬೇಕು ಅಂತಿದ್ದರೆ ಅದು ಭಾರ ಹೊತ್ತ ಗೋಡೆಯೋ ಅಲ್ಲವೋ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ನೋಡಿ ಹೇಳಲಿ. ಬೇಕಾದ ಅನುಮತಿಯೂ ಕೈಯಲ್ಲಿರಲಿ. ಅನುಮತಿ ಇಲ್ಲದೆ ಮಾಡಿದ ಬದಲಾವಣೆ ಮಾರುವ ಹೊತ್ತಿಗೆ ಕಾಗದಪತ್ರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಒಂದು ಫೈಲು, ಒಂದಿಷ್ಟು ಫೋಟೊ

ಮಾಡಿಸಿದ ಪ್ರತಿ ಕೆಲಸದ ರಸೀದಿ, ವಾರಂಟಿ, ಬಣ್ಣದ ಕೋಡ್ ಎಲ್ಲ ಒಂದೇ ಫೈಲಿನಲ್ಲಿರಲಿ. ಸೋರಿಕೆ ರಿಪೇರಿ ಮಾಡಿಸಿದ್ದರೆ ಕೆಲಸದ ಮುಂಚಿನ, ನಡುವಿನ, ಆಮೇಲಿನ ಫೋಟೊಗಳನ್ನೂ ತಾರೀಖಿನ ಜೊತೆ ಸೇರಿಸಿ. ಗೋಡೆಯೊಳಗೆ ಪೈಪು, ವೈರು ಎಲ್ಲಿ ಹೋಗಿದೆ ಅಂತ ತೋರಿಸುವ ಫೋಟೊ ಇದ್ದರಂತೂ ಮುಂದೆ ಡ್ರಿಲ್ ಹಿಡಿಯುವವರಿಗೆ ದೊಡ್ಡ ಉಪಕಾರ. ಚೌಕಾಸಿ ಶುರುವಾದಾಗ ಈ ಫೈಲ್ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ಮಾರಾಟದ ಫೋಟೊಗಳನ್ನು ಫೋನಿನಲ್ಲೇ ತೆಗೆಯಬಹುದು. ಮೊದಲು ಲೆನ್ಸ್ ಒರೆಸಿ. ಹಗಲು ಹೊತ್ತು, ಪರದೆಗಳನ್ನೆಲ್ಲ ಸರಿಸಿ, ಫೋನನ್ನು ಎದೆಯ ಎತ್ತರದಲ್ಲಿ ಅಡ್ಡಕ್ಕೆ ಹಿಡಿದು, ಕೋಣೆಯ ಮೂಲೆಯಲ್ಲಿ ನಿಂತು ತೆಗೆಯಿರಿ. ಗೋಡೆಯ ಗೆರೆಗಳು ನೆಟ್ಟಗಿರಲಿ. ತೀರಾ ಅಗಲದ ಲೆನ್ಸಿನಿಂದ ಕೋಣೆಯನ್ನು ಹಿಗ್ಗಿಸಿ ತೋರಿಸಬೇಡಿ, ಬಂದವರು ನಿಜವಾದ ಅಳತೆ ಕಂಡು ಮೂಗು ಮುರಿಯುತ್ತಾರೆ. ಬಾತ್‌ರೂಮಿನ ಫೋಟೊಗೆ ಮೊದಲು ಕಮೋಡಿನ ಮುಚ್ಚಳ ಹಾಕಿ, ಕನ್ನಡಿಯಲ್ಲಿ ನೀವು ಕಾಣುತ್ತಿಲ್ಲ ತಾನೇ ಅಂತ ಒಮ್ಮೆ ನೋಡಿಕೊಳ್ಳಿ.